ಆನೆಗೊಂದಿ ನೋಡುವ ಕ್ರಮ: ಮೊದಲು ನದಿಯ ಸುದ್ದಿ, ಆಮೇಲೆ ಗುಡ್ಡ, ಕೊನೆಗೆ ಊರು

ಆನೆಗೊಂದಿಗೆ ಬರುವವರಲ್ಲಿ ಹೆಚ್ಚಿನವರು ಹಂಪಿ ನೋಡಿ ಮಿಕ್ಕಿದ ಎರಡು ತಾಸನ್ನು ಇದಕ್ಕೆ ಇಟ್ಟುಕೊಂಡಿರುತ್ತಾರೆ. ಹನುಮಪ್ಪನ ಗುಡಿಯಿರುವ ಅಂಜನಾದ್ರಿ ಗುಡ್ಡ ಹತ್ತಿ ಇಳಿದು, ಸಾಣಾಪುರದ ಕೆರೆ ಕಡೆ ಗಾಡಿ ತಿರುಗಿಸಿಬಿಡುತ್ತಾರೆ. ಊರೊಳಗೆ ಕಾಲಿಡುವುದೇ ಇಲ್ಲ. ಹಂಪಿಯಲ್ಲಿ ರಾಜಧಾನಿ ಏಳುವ ಮೊದಲೇ ಕೋಟೆ ಕಟ್ಟಿಕೊಂಡಿದ್ದ ಊರಿದು. 1565ರ ಯುದ್ಧದ ನಂತರ ತುಂಗಭದ್ರೆಯ ಆಚೆ ದಡದ ಹಂಪಿ ಹಾಳುಬಿದ್ದಾಗಲೂ ಈಚೆ ದಡದಲ್ಲಿ ಜನ ಮನೆ ಮಾಡಿಕೊಂಡೇ ಇದ್ದರು, ಈಗಲೂ ಇದ್ದಾರೆ. ಆದ್ದರಿಂದ ಇಲ್ಲಿ ನೋಡುವುದು ಬರೀ ಅವಶೇಷಗಳನ್ನಲ್ಲ. ಮಂಟಪದ ಕಂಬಕ್ಕೆ ಎಮ್ಮೆ ಕಟ್ಟಿರುವ, ಕೋಟೆ ಗೋಡೆಗೆ ಒರಗಿ ಮನೆ ಎದ್ದಿರುವ ಊರನ್ನು ನೋಡುತ್ತೀರಿ. ಇದಕ್ಕೆ ಒಂದು ಪೂರ್ತಿ ದಿನ ಬೇಕು, ಅದೂ ನಸುಕಿನಿಂದ ಹಿಡಿದು.

ಹೊರಡುವ ಮೊದಲು ನದಿಯ ಸುದ್ದಿ

ಇಲ್ಲಿನ ಕಾರ್ಯಕ್ರಮವನ್ನು ನಿರ್ಧರಿಸುವುದು ನೀವಲ್ಲ, ತುಂಗಭದ್ರೆ. ಮೇಲ್ಗಡೆ ಹೊಸಪೇಟೆ ಬಳಿ 33 ಕ್ರಸ್ಟ್ ಗೇಟಿನ ಜಲಾಶಯವಿದೆ. ಮಳೆಗಾಲದಲ್ಲಿ ಅದು 1,633 ಅಡಿಗೆ ತುಂಬಿ ಗೇಟು ಎತ್ತಿದರೆ ನದಿಗೆ ಬಿಟ್ಟ ನೀರೆಲ್ಲ ಆನೆಗೊಂದಿ ಪಕ್ಕದಲ್ಲೇ ಹಾಯಬೇಕು. ಆಗ ದೋಣಿ ನಿಲ್ಲುತ್ತದೆ, ಯತಿಗಳ ಸಮಾಧಿಗಳಿರುವ ನವವೃಂದಾವನದ ನಡುಗಡ್ಡೆಗೆ ಹೋಗುವ ದಾರಿ ಮುಚ್ಚುತ್ತದೆ, ನದಿಯಂಚಿನ ಮಂಟಪಗಳು ನೀರಲ್ಲಿ ನಿಲ್ಲುತ್ತವೆ.

ಜುಲೈಯಿಂದ ಅಕ್ಟೋಬರ್ ನಡುವೆ ಬರುವವರು ಹಿಂದಿನ ದಿನದ ಪತ್ರಿಕೆಯಲ್ಲಿ ಜಲಾಶಯಗಳ ಮಟ್ಟದ ಪಟ್ಟಿ ನೋಡಿಕೊಳ್ಳಿ. ಒಳಹರಿವು ಎಷ್ಟಿದ್ದರೂ ನಿಮಗೆ ಸಂಬಂಧವಿಲ್ಲ, ನೋಡಬೇಕಾದದ್ದು ಹೊರಹರಿವು. ಅದರಲ್ಲೂ ಒಂದು ಸೂಕ್ಷ್ಮವಿದೆ: ಹೊರಹರಿವಿನ ಲೆಕ್ಕದಲ್ಲಿ ಕಾಲುವೆಗಳಿಗೆ ಬಿಟ್ಟದ್ದೂ ಸೇರಿರುತ್ತದೆ, ದೋಣಿಗೆ ಅಡ್ಡಿಯಾಗುವುದು ನದಿಗೆ ಬಿಟ್ಟ ನೀರು ಮಾತ್ರ. ಗೇಟು ಎತ್ತಿದ ಸುದ್ದಿ ಇದ್ದರೆ ನಡುಗಡ್ಡೆಯ ಆಸೆ ಬಿಟ್ಟು ಉಳಿದದ್ದನ್ನು ಯೋಜಿಸಿ. ಲಕ್ಷ ಕ್ಯೂಸೆಕ್ ಹತ್ತಿರ ಬಿಟ್ಟ ದಿನ ಘಾಟಿನ ಮೆಟ್ಟಿಲಿಗೂ ಇಳಿಯಬೇಡಿ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಬಂಡೆಗಳು ರಾತ್ರಿ ಎಂಟಾದರೂ ಕಾವು ಬಿಡುವುದಿಲ್ಲ. ವಾರದಲ್ಲಿ ಶನಿವಾರ ಹನುಮಪ್ಪನ ದಿನ, ಅಂಜನಾದ್ರಿ ಗುಡ್ಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಾರ್ಗಶಿರದಲ್ಲಿ ಹನುಮಮಾಲೆ ಇಳಿಸಲು ಬರುವವರ ಸಾಲು ಮೆಟ್ಟಿಲ ಬುಡದಿಂದಲೂ ಆಚೆಗೆ ಬೆಳೆದಿರುತ್ತದೆ. ಭಕ್ತಿಗಾಗಿ ಬರುವವರಿಗೆ ಅದೇ ಸರಿಯಾದ ಹೊತ್ತು, ಕಟ್ಟಡ ನೋಡುವವರಿಗಲ್ಲ. ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ಆರಿಸಿಕೊಳ್ಳಿ.

ದಾರಿ: ನಕಾಶೆ ನಂಬಿ ಕೆಡಬೇಡಿ

ಹಂಪಿಯ ವಿಠ್ಠಲ ದೇವಸ್ಥಾನದ ಬಳಿ ನಿಂತು ಫೋನಿನಲ್ಲಿ ನೋಡಿದರೆ ಆನೆಗೊಂದಿ ಕೈಯಳತೆಯಲ್ಲಿ ಕಾಣುತ್ತದೆ. ನಡುವೆ ನದಿ ಇದೆ, ಅಲ್ಲಿ ಗಾಡಿ ದಾಟುವ ಸೇತುವೆ ಇಲ್ಲ. ತಳವಾರಘಟ್ಟದ ಬಳಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಬಿತ್ತು. ಕಾರು, ಬೈಕಿನವರು ಕಮಲಾಪುರದಿಂದ ಬುಕ್ಕಸಾಗರಕ್ಕೆ ಬಂದು, ಅಲ್ಲಿನ ಸೇತುವೆ ದಾಟಿ ಕಡೇಬಾಗಿಲಿನ ಮೇಲೆ ಆನೆಗೊಂದಿಗೆ ಬರಬೇಕು. ಕಾಲ್ನಡಿಗೆಯವರಿಗೆ ನೀರು ಇಳಿದಿದ್ದರೆ ತಳವಾರಘಟ್ಟದಿಂದ ದೋಣಿ ಸಿಗುತ್ತದೆ. ಆದರೆ ದೋಣಿ ನಂಬಿ ಬಂದವರು ಹೊತ್ತು ಮುಳುಗುವ ಮೊದಲೇ ಹಿಂದಿರುಗಬೇಕು. ತಪ್ಪಿಸಿಕೊಂಡರೆ ರಸ್ತೆಯ ಸುತ್ತು ಹಿಡಿಯುವುದೊಂದೇ ಉಳಿಯುತ್ತದೆ.

ಬಸ್ಸಿನವರಿಗೆ ಗಂಗಾವತಿ ಸಲೀಸು, ಅಲ್ಲಿಂದ ಆನೆಗೊಂದಿ ಹತ್ತು-ಹನ್ನೆರಡು ಕಿಲೋಮೀಟರು. ಹಿಂದಿನ ರಾತ್ರಿ ಗಂಗಾವತಿಯಲ್ಲೋ ಆನೆಗೊಂದಿಯಲ್ಲೋ ಉಳಿದರೆ ನಸುಕಿನ ಗುಡ್ಡ ಕೈಗೆ ಸಿಗುತ್ತದೆ. ಹೊಸಪೇಟೆಯಲ್ಲಿ ಉಳಿದು ಆರಕ್ಕೆ ಹೊರಟರೆ ಮೆಟ್ಟಿಲು ಹತ್ತುವಷ್ಟರಲ್ಲಿ ಬಿಸಿಲು ಬೆನ್ನಿಗೆ ಬಂದಿರುತ್ತದೆ.

ಮೊದಲ ಹೆಜ್ಜೆ: ಅಂಜನಾದ್ರಿ, ಬೆಳಕು ಹರಿಯುತ್ತಿದ್ದಂತೆ

ಚಿಕ್ಕರಾಂಪುರದ ಹತ್ತಿರದ ಈ ಗುಡ್ಡ ಆನೆಗೊಂದಿ ಊರಿನಿಂದ ಪಶ್ಚಿಮಕ್ಕೆ ನಾಲ್ಕೈದು ಕಿಲೋಮೀಟರು. ಮೆಟ್ಟಿಲು 575. ಮಧ್ಯವಯಸ್ಸಿನವರು ಎರಡು ಕಡೆ ಕೂತು ದಣಿವಾರಿಸಿಕೊಂಡರೂ ಮುಕ್ಕಾಲು ತಾಸಿನಲ್ಲಿ ಮುಟ್ಟುತ್ತಾರೆ. ಪೂರ್ತಿ ಕತ್ತಲಲ್ಲಿ ಒಬ್ಬೊಬ್ಬರೇ ಹತ್ತಬೇಡಿ, ಈ ಗುಡ್ಡಸಾಲಿನಲ್ಲಿ ಚಿರತೆ, ಕರಡಿ ಎರಡೂ ಇವೆ. ದಾರಿ ಕಾಣುವಷ್ಟು ಬೆಳಕಾದ ಮೇಲೆ, ಜನರ ಜತೆ ಹೊರಡಿ.

ಮೇಲಿನ ನಿಜವಾದ ತಂಟೆ ಮಂಗಗಳದ್ದು. ಅವು ಗುರಿಯಿಡುವುದು ಮನುಷ್ಯನಿಗಲ್ಲ, ಕೈಚೀಲಕ್ಕೆ. ಪ್ಲಾಸ್ಟಿಕ್ ಚೀಲದ ಚರಪರ ಸದ್ದು ಕೇಳಿದರೆ ತಿಂಡಿ ಬಂತೆಂದೇ ಅವಕ್ಕೆ ಲೆಕ್ಕ. ಬಾಳೆಹಣ್ಣು, ತೆಂಗಿನಕಾಯಿ, ನೀರಿನ ಬಾಟಲಿ ಎಲ್ಲವೂ ಬೆನ್ನಚೀಲದೊಳಗೆ, ಜಿಪ್ಪು ಎಳೆದು. ಕನ್ನಡಕದವರು ಹಿಂದೆ ದಾರ ಕಟ್ಟಿಕೊಳ್ಳಿ. ಕಿತ್ತುಕೊಂಡರೆ ಎಳೆದಾಡಬೇಡಿ, ಕಚ್ಚಿದರೆ ಗಂಗಾವತಿ ಆಸ್ಪತ್ರೆಗೆ ಇಂಜೆಕ್ಷನ್ನಿಗೆ ಓಡಬೇಕು, ದಿನವೇ ಮುಗಿಯಿತು. ಗುಡಿಯ ಬಳಿ ಚಪ್ಪಲಿ ಬಿಡಬೇಕಾಗುತ್ತದೆ. ಒಂಬತ್ತರ ನಂತರ ಬಂಡೆ ಕಾಯುವುದರಿಂದ ಒಂದು ಜೊತೆ ಹಳೇ ಕಾಲುಚೀಲ ಇಟ್ಟುಕೊಂಡವರು ಜಾಣರು.

ಹನುಮಪ್ಪನ ದರ್ಶನ ಮುಗಿದ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಹತ್ತು ನಿಮಿಷ ಕೂಡಿ. ಕೆಳಗೆ ಭತ್ತದ ಗದ್ದೆ, ಬಾಳೆ, ತೆಂಗು, ಅದರಾಚೆ ನದಿ, ನದಿಯಾಚೆ ಹಂಪಿ. ಊರು ಈ ಜಾಗದಲ್ಲೇ ಯಾಕೆ ಬೆಳೆಯಿತು ಎನ್ನುವುದಕ್ಕೆ ಇಷ್ಟು ಸ್ಪಷ್ಟ ಉತ್ತರ ಬೇರೆಲ್ಲೂ ಸಿಗುವುದಿಲ್ಲ: ಮೂರು ಕಡೆ ಬಂಡೆಗುಡ್ಡ, ಒಂದು ಕಡೆ ದಾಟಲು ಕಷ್ಟದ ನೀರು, ನಡುವೆ ಅನ್ನ ಬೆಳೆಯುವ ನೆಲ. ಗದ್ದೆಗೆ ನೀರುಣಿಸುವ ಕಾಲುವೆಗಳಲ್ಲಿ ವಿಜಯನಗರದ ಕಾಲದವೂ ಇವೆ, ಇಂದಿಗೂ ಹರಿಯುತ್ತಿವೆ.

ಎಂಟರೊಳಗೆ ಇಳಿದರೆ ತಿಂಡಿಗೆ ಒಗ್ಗರಣೆ-ಮಿರ್ಚಿ. ಹೊರಗಿನವರು ಗಮನಿಸಿ, ಇಲ್ಲಿ ಒಗ್ಗರಣೆ ಅಂದರೆ ಸಾಸಿವೆ ಚಟಪಟ ಅಲ್ಲ, ನೆನೆಸಿ ಹಿಂಡಿದ ಮಂಡಾಳಿನ (ಮಂಡಕ್ಕಿಯ) ತಿಂಡಿ. ಜತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ.

ಪಂಪಾ ಸರೋವರ

ಗುಡ್ಡದಿಂದ ಊರಿಗೆ ಬರುವ ದಾರಿಯಲ್ಲೇ ತಿರುವು ಸಿಗುತ್ತದೆ. ಕಲ್ಲು ಕಟ್ಟಡದ ಕೊಳ, ದಡದಲ್ಲಿ ಲಕ್ಷ್ಮಿ ಗುಡಿ, ಶಬರಿಯ ಗುಹೆ ಎಂದು ತೋರಿಸುವ ಜಾಗ. ಇಪ್ಪತ್ತು ನಿಮಿಷ ಸಾಕು. ಕಥೆಯ ದೃಷ್ಟಿಯಿಂದ ದೊಡ್ಡದು, ಕಟ್ಟಡದ ದೃಷ್ಟಿಯಿಂದ ಸಾಧಾರಣ.

ಎರಡನೇ ಹೆಜ್ಜೆ: ನವವೃಂದಾವನ, ಗಾಳಿ ಏಳುವ ಮೊದಲು

ಒಂಬತ್ತು-ಒಂಬತ್ತೂವರೆಗೆ ಊರಿನ ಘಾಟಿಗೆ ಬನ್ನಿ. ದೋಣಿಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಡಿ. ಹೊತ್ತೇರಿದಂತೆ ಗಾಳಿ ಏಳುತ್ತದೆ, ನೀರಿನ ಮೇಲಿನ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ನಡುಗಡ್ಡೆಯ ಕಲ್ಲು ಬರಿಗಾಲಿಗೆ ಕಾದ ಹಂಚಾಗುತ್ತದೆ.

ಹತ್ತುವ ಮೊದಲೇ ಮಾತು ಮುಗಿಸಿ: ಹೋಗಿಬರುವುದಕ್ಕೆ ಎಷ್ಟು, ಅಲ್ಲಿ ಎಷ್ಟು ಹೊತ್ತು ಕಾಯುತ್ತಾರೆ, ಹಿಂದಿರುಗುವಾಗ ಅದೇ ದೋಣಿಯೋ ಬೇರೆಯೋ. ಜಗಳವೆಲ್ಲ ಹುಟ್ಟುವುದು ಮೂರನೆಯದನ್ನು ಕೇಳದೆ ಇದ್ದಾಗ. ಲೈಫ್ ಜಾಕೆಟ್ ಕೊಡದಿದ್ದರೆ ಹತ್ತಬೇಡಿ.

ಹರಿಗೋಲು ಸಿಕ್ಕರೆ ಅದರ ಗುಣ ತಿಳಿದಿರಲಿ. ಬಿದಿರಿನ ದೊಡ್ಡ ಬುಟ್ಟಿ ಅದು. ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಡಾಂಬರು ಬಳಿದ ಹಾಳೆ. ತಳ ಚಪ್ಪಟೆ, ದೋಣಿಯ ಅಡಿಯಲ್ಲಿರುವಂಥ ಉದ್ದನೆಯ ಏಣು ಇಲ್ಲ, ಅದಕ್ಕೇ ಕಲ್ಲಿನ ನಡುವಿನ ತೆಳುನೀರಲ್ಲೂ ಸಾಗುತ್ತದೆ. ಅದೇ ಕಾರಣಕ್ಕೆ ತಿರುಗುತ್ತದೆ ಕೂಡ. ನೆಲಕ್ಕೆ ಕೂತು, ಕಾಲು ಒಳಗೆ ಚಾಚಿ, ಭಾರದವರು ಎದುರುಬದುರು ಹಂಚಿಕೊಳ್ಳಿ. ಫೋಟೋಗೆಂದು ಎಲ್ಲರೂ ಒಂದೇ ಕಡೆ ವಾಲಿದರೆ ಅಂಚು ನೀರಿಗಿಳಿಯುತ್ತದೆ, ಅಪಾಯ ಆಗುವುದು ಹೀಗೆಯೇ. ಅಂಬಿಗ ಮೊದಲು ದಡದ ಗುಂಟ ಮೇಲಕ್ಕೆ ಹೋದರೆ ದಾರಿ ತಪ್ಪಿದನೆಂದು ಗಾಬರಿಯಾಗಬೇಡಿ. ಸೆಳವು ಕೆಳಕ್ಕೆ ಎಳೆಯುವಷ್ಟನ್ನು ಮೊದಲೇ ಮೇಲಕ್ಕೇರಿ, ಓರೆಯಾಗಿ ದಾಟಿ, ಸರಿಯಾಗಿ ಮೆಟ್ಟಿಲಿಗೆ ತಂದು ನಿಲ್ಲಿಸುವುದು ಅವನ ಲೆಕ್ಕ.

ನಡುಗಡ್ಡೆಯಲ್ಲಿ ಒಂಬತ್ತು ಮಾಧ್ವ ಯತಿಗಳ ವೃಂದಾವನಗಳಿವೆ. ಮಧ್ವಾಚಾರ್ಯರ ನೇರ ಶಿಷ್ಯರಾದ ಪದ್ಮನಾಭತೀರ್ಥರು, 1539ರಲ್ಲಿ ವೃಂದಾವನಸ್ಥರಾದ ವ್ಯಾಸರಾಜರು, ರಾಘವೇಂದ್ರ ಸ್ವಾಮಿಗಳ ಗುರು ಸುಧೀಂದ್ರತೀರ್ಥರು ಇಲ್ಲಿದ್ದಾರೆ. 2019ರ ಜುಲೈನಲ್ಲಿ ದುಷ್ಕರ್ಮಿಗಳು ವ್ಯಾಸರಾಜರ ವೃಂದಾವನವನ್ನು ಒಡೆದುಹಾಕಿದ್ದರು. ಮಠಗಳು, ಭಕ್ತರು ಸೇರಿ ಕೆಲವೇ ದಿನಗಳಲ್ಲಿ ಮತ್ತೆ ನಿಲ್ಲಿಸಿದರು. ವೃಂದಾವನಗಳನ್ನು ಮುಟ್ಟುವಂತಿಲ್ಲ, ಸುತ್ತ ಹಾಕಿದ ಗೆರೆ ದಾಟುವಂತಿಲ್ಲ. ಇದು ಪೂಜೆಯ ಜಾಗ, ಮಾತು ಮೆಲ್ಲಗಿರಲಿ. ಆರಾಧನೆಯ ದಿನಗಳಲ್ಲಿ ಭಕ್ತರ ಗುಂಪಿನಿಂದ ದೋಣಿ ಸಿಗುವುದು ತಡ, ಅವನ್ನು ಪಂಚಾಂಗದಲ್ಲಿ ನೋಡಿಕೊಂಡು ಬನ್ನಿ.

ಅಲ್ಲೇ ಇರುವ ಹನುಮಂತನ ಗುಡಿಯನ್ನು ಬಿಟ್ಟು ಬರಬೇಡಿ. ಮೂರ್ತಿ ಒಂದೇ, ವಾಯುವಿನ ಅವತಾರ ಮೂರು. ಮುಖ ಹನುಮನದು, ತೋಳು ಮತ್ತು ಗದೆ ಭೀಮನದು, ಕೈಯಲ್ಲಿರುವ ಗ್ರಂಥ ಮಧ್ವರದು. ಹೇಳದಿದ್ದರೆ ಇದೂ ಒಂದು ಹನುಮಪ್ಪ ಎಂದು ಕೈಮುಗಿದು ಮುಂದೆ ಹೋಗುವಷ್ಟು ಸಾದಾ ಕಾಣುತ್ತದೆ.

ಮೂರನೇ ಹೆಜ್ಜೆ: ಊರು, ಕಾಲ್ನಡಿಗೆಯಲ್ಲಿ

ಹನ್ನೊಂದರಿಂದ ಒಂದೂವರೆ. ಬಿಸಿಲೇರಿದ ಈ ಹೊತ್ತನ್ನು ಮಂಟಪಗಳ ನೆರಳಿಗೇ ಇಟ್ಟದ್ದು. ಗಾಡಿಯನ್ನು ಊರ ನಡುವಿನ ಬಯಲಲ್ಲಿ ಬಿಡಿ, ಓಣಿಗಳಲ್ಲಿ ಕಾರು ತಿರುಗುವುದಿಲ್ಲ.

ಕೋಟೆಯ ಬಾಗಿಲಿನಿಂದ ಶುರು ಮಾಡಿ. ವಿಜಯನಗರದ ಕೋಟೆ ಬಾಗಿಲುಗಳ ಜಾಣತನ ಅವುಗಳ ಎತ್ತರದಲ್ಲಿಲ್ಲ, ತಿರುವಿನಲ್ಲಿದೆ. ದಾರಿಯನ್ನು ನೇರ ಬಿಡದೆ ಮುರಿದು ತಿರುಗಿಸಿದರೆ ಒಳನುಗ್ಗುವ ಆನೆಗೆ ಓಡಿ ಬಂದು ಗುದ್ದಲು ಜಾಗವೇ ಸಿಗುವುದಿಲ್ಲ, ಹಿಂದಿನವರು ಮುಂದಿನವರ ಮೇಲೆ ಬೀಳುತ್ತಾರೆ. ಹೊಸ್ತಿಲಲ್ಲಿ ಮತ್ತು ಮೇಲಿನ ತೊಲೆಯಲ್ಲಿ ದುಂಡನೆಯ ಕುಳಿ ಹುಡುಕಿ, ಕದದ ತಿರುಗಣೆ ಕೂರುತ್ತಿದ್ದದ್ದು ಅಲ್ಲಿ. ಗೋಡೆಯ ಕಲ್ಲುಗಳ ನಡುವೆ ಗಾರೆ ಇಲ್ಲದಿರುವುದನ್ನೂ ನೋಡಿ. ಮುಖ ಮಾತ್ರ ಸಮಮಾಡಿದ ಬಂಡೆಗಳನ್ನು ಒಂದಕ್ಕೊಂದು ಹೊಂದಿಸಿ ಭಾರದ ಮೇಲೆಯೇ ನಿಲ್ಲಿಸಿದ್ದಾರೆ. ಅದಕ್ಕೇ ಒಂದು ಕಲ್ಲು ಕಿತ್ತರೆ ಹತ್ತು ಸಡಿಲಾಗುತ್ತವೆ. ಗೋಡೆಯ ಮೇಲೆ ಹತ್ತಬೇಡಿ ಎನ್ನುವುದು ಬರೀ ಶಿಸ್ತಿನ ಮಾತಲ್ಲ.

ಒಳಗೆ ಬಯಲಿಗೆ ಬಂದರೆ ಒಂದು ಕಡೆ ಗಗನಮಹಲು, ಹತ್ತಿರದಲ್ಲೇ ರಂಗನಾಥಸ್ವಾಮಿ ಗುಡಿ. ಗಗನಮಹಲಿನ ಕಮಾನು, ಮುಂಚಾಚಿದ ಕಿಟಕಿ ಹಂಪಿಯ ಕಮಲಮಹಲಿನ ಬಳಗದ್ದು. ಹೊರಗಿನಿಂದ ನೋಡುವ ಕಟ್ಟಡ, ಬಾಗಿಲು ಮುಚ್ಚಿದ್ದರೆ ಬೇಜಾರು ಬೇಡ. ರಂಗನಾಥನ ಗುಡಿ ನಡುಮಧ್ಯಾಹ್ನ ಮುಚ್ಚಿರುವುದು ಸಹಜ, ಆದ್ದರಿಂದ ಇದನ್ನು ಮೊದಲು ಮುಗಿಸಿ.

ಇನ್ನು ಹುಚ್ಚಪ್ಪಯ್ಯನ ಮಠ. ನದಿ ಕಡೆಗಿದೆ, ಹುಡುಕಿಕೊಂಡು ಹೋಗಬೇಕು, ಓಣಿಯಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಆನೆಗೊಂದಿಯಲ್ಲಿ ಒಂದೇ ಒಂದು ಕಟ್ಟಡ ನೋಡಲು ಹೊತ್ತಿದೆ ಎನ್ನುವವರಿಗೆ ನಮ್ಮ ಆಯ್ಕೆ ಇದು. ಸುತ್ತಲೂ ಬೆಣಚುಗಲ್ಲಿನ (ಗ್ರಾನೈಟಿನ) ನಾಡು, ಆದರೆ ಇದರ ಕಂಬಗಳು ಕಪ್ಪು ಕಲ್ಲಿನವು, ಕಡಸಲು (ಲೇತ್) ಹಿಡಿದವು, ಚಾಲುಕ್ಯ ಮಾದರಿಯವು. ಕಂಬದ ಹತ್ತಿರ ಕೂತು ಓರೆ ಬೆಳಕಿನಲ್ಲಿ ನೋಡಿ. ಉಂಗುರದಂತೆ ಸುತ್ತುವರಿದ ಗೆರೆಗಳು ಒಂದಕ್ಕೊಂದು ಎಳ್ಳಷ್ಟೂ ತಪ್ಪಿಲ್ಲ, ಅಂಚು ಬಳೆಚೂರಿನಷ್ಟು ಹರಿತ. ಕಲ್ಲನ್ನು ಕಡಸಲು ಯಂತ್ರದಲ್ಲಿ ತಿರುಗಿಸುತ್ತ ಉಳಿ ಹಿಡಿದರೆ ಮಾತ್ರ ಬರುವ ಗೆರೆ ಅದು. ಬೆಣಚುಗಲ್ಲು ಇದಕ್ಕೆ ಒಗ್ಗುವುದಿಲ್ಲ, ಹರಳು ಹರಳಾಗಿ ಎದ್ದುಬಿಡುತ್ತದೆ. ಅದಕ್ಕೇ ಹಂಪಿಯ ಕಂಬಗಳು ಚೌಕ, ಎಂಟುಮೂಲೆ ಎಂದು ಮುಖಮುಖವಾಗಿ ಕೆತ್ತಿದಂಥವು. ಎರಡೂ ಬಗೆಯನ್ನು ಒಂದೇ ದಿನ ನೋಡಿದರೆ ಕಲ್ಲು ಶಿಲ್ಪಿಯ ಕೈಯನ್ನು ಹೇಗೆ ತಿದ್ದುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿನ ಮೇಲ್ಛಾವಣಿಯಲ್ಲಿ ಹಳೆಯ ಬಣ್ಣದ ಚಿತ್ರಗಳ ಗುರುತು ಉಳಿದಿದೆ. ಫ್ಲ್ಯಾಶ್ ಹಾಕಬೇಡಿ, ಕಣ್ಣು ಕತ್ತಲಿಗೆ ಒಗ್ಗಲು ಎರಡು ನಿಮಿಷ ಕೊಡಿ, ತಾನೇ ಕಾಣುತ್ತದೆ.

ಬೆಣಚುಗಲ್ಲನ್ನು ಹೇಗೆ ಸೀಳುತ್ತಿದ್ದರು ಎಂಬುದಕ್ಕೆ ಊರ ಸುತ್ತಲಿನ ಬಂಡೆಗಳೇ ಸಾಕ್ಷಿ. ಬಂಡೆಯ ಅಂಚಿನಲ್ಲಿ ಗೇಣಿಗೊಂದರಂತೆ ಸಾಲಾಗಿ ಚೌಕದ ಕುಳಿಗಳು ಕಾಣುತ್ತವೆ. ಆ ಕುಳಿಗಳಿಗೆ ಬೆಣೆ ಜಡಿದರೆ ಬಂಡೆ ಸಾಲಿನ ಗುಂಟ ಬಿರಿಯುತ್ತದೆ. ಕೆಲವು ಬಂಡೆಗಳಲ್ಲಿ ಕುಳಿ ತೋಡಿ ಸೀಳದೆ ಹಾಗೇ ಬಿಟ್ಟಿದ್ದಾರೆ.

ನದಿಯಂಚಿನ ಅರವತ್ನಾಲ್ಕು ಕಂಬದ ಮಂಟಪವನ್ನು ಕೃಷ್ಣದೇವರಾಯನ ಸಮಾಧಿ ಎಂದು ಊರವರು ಹೇಳುತ್ತಾರೆ. ಇದು ಜನರ ನಂಬಿಕೆ. ಕಂಬಗಳಲ್ಲಿ ಆಡಂಬರವಿಲ್ಲ, ಜಾಗ ಮಾತ್ರ ಬಲು ಚೆಂದ. ನೀರು ಏರಿದ್ದರೆ ದೂರದಿಂದಲೇ ನೋಡಿ. ಹತ್ತಿರದ ಚಿಂತಾಮಣಿಯಲ್ಲಿ ವಾಲಿ ವಧೆಯ ಕಥೆ ಹೇಳುವ ಗುಹೆ, ಮಠ ಇವೆ. ನದಿ ಬಂಡೆಗಳ ನಡುವೆ ತಿರುಗುವ ನೋಟಕ್ಕಾದರೂ ಹೋಗಬೇಕು.

ಕೊಳ್ಳುವುದಿದ್ದರೆ ಬಾಳೆನಾರಿನ ಕೆಲಸ ಕೊಳ್ಳಿ. 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್ ಇಲ್ಲಿನ ಹೆಣ್ಣುಮಕ್ಕಳಿಗೆ ಈ ಕಸುಬು ಕಲಿಸಿತು. ಗೊನೆ ಕಡಿದ ಮೇಲೆ ಗದ್ದೆಯಲ್ಲಿ ಕೊಳೆಯಲು ಬಿಡುತ್ತಿದ್ದ ಬಾಳೆದಿಂಡಿನ ಪಟ್ಟೆ ಸುಲಿದು, ಒಣಗಿಸಿ, ಹುರಿಮಾಡಿ ಚೀಲ, ಚಾಪೆ, ಬುಟ್ಟಿ ಹೆಣೆಯುತ್ತಾರೆ. ಆರಿಸುವಾಗ ಹುರಿ ಒಂದೇ ದಪ್ಪವಿದೆಯೇ ನೋಡಿ, ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಪೂರ್ತಿ ಒಣಗದ ಪಟ್ಟೆ, ಮೊದಲ ಮಳೆಗಾಲದಲ್ಲೇ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ತೊಳೆಯಬೇಡಿ, ಒರೆಸಿ ಬಿಸಿಲಿಗಿಡಿ.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬೇಕಾದರೆ ಬೆಳಿಗ್ಗೆಯೇ ಹೇಳಿಡಿ. ಸಣ್ಣ ಖಾನಾವಳಿಗಳಲ್ಲಿ ಎರಡರ ನಂತರ ಬಿಸಿ ರೊಟ್ಟಿ ಸಿಗುವುದು ಅದೃಷ್ಟದ ಮೇಲೆ.

ನಾಲ್ಕನೇ ಹೆಜ್ಜೆ: ದುರ್ಗಾ ಬೆಟ್ಟ, ಹೊತ್ತು ಇಳಿಯುವ ಮೊದಲು

ಮೂರಕ್ಕೆ ಹೊರಟು ಐದರೊಳಗೆ ಕೆಳಗಿರಿ. ದುರ್ಗಾದೇವಿ ಗುಡಿಯ ಬಳಿ ಹರಕೆಯ ತೆಂಗಿನಕಾಯಿಗಳನ್ನು ಬಟ್ಟೆಯಲ್ಲಿ ಸುತ್ತಿ ಮರಕ್ಕೆ ಕಟ್ಟಿರುತ್ತಾರೆ. ಅಲ್ಲಿಂದ ಮೇಲಕ್ಕೆ ವಾಲಿಕಿಲ್ಲಾ ಎಂದು ಕರೆಯುವ ಕೋಟೆಯ ಬಾಗಿಲು, ಗೋಡೆಗಳು. ಈ ಗುಡ್ಡದಲ್ಲಿ ಚಿರತೆ ಮನುಷ್ಯರ ಮೇಲೆ ಬಿದ್ದದ್ದುಂಟು. ಸೂರ್ಯಾಸ್ತ ನೋಡುವ ಜಾಗ ಇದಲ್ಲ.

ಸಂಜೆಗೆ ಸಾಣಾಪುರ ಕೆರೆ ದಡದಲ್ಲಿ ಕೂರಬಹುದು, ನೀರಿಗೆ ಇಳಿಯಬಾರದು. ಎಡದಂಡೆ ಕಾಲುವೆಯ ನೀರು ನಿಲ್ಲಿಸುವ ಕೆರೆ ಇದು. ಮೇಲೆ ತಣ್ಣಗೆ ಕಂಡರೂ ಒಳಗೆ ಸೆಳವಿದೆ, ತಳದಲ್ಲಿ ಬಂಡೆಯ ಸಂದುಗಳಿವೆ, ಈಜು ಬಲ್ಲವರೇ ಇಲ್ಲಿ ಜೀವ ಕಳೆದುಕೊಂಡಿದ್ದಾರೆ. ನದಿಯ ಮಾತೂ ಅಷ್ಟೇ, ಅಲ್ಲಿ ಮೊಸಳೆಗಳೂ ಇವೆ. ಬದಲಿಗೆ ನದಿಯ ಬಂಡೆಗಳ ಬಳಿ ಸದ್ದಿಲ್ಲದೆ ನಿಂತರೆ ನೀರುನಾಯಿ ಕಾಣುವ ಸಾಧ್ಯತೆ ಇದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರು ನದಿಯನ್ನು 2015ರಲ್ಲಿ ಅವುಗಳ ಸಂರಕ್ಷಣೆಗೆಂದೇ ಘೋಷಿಸಿದ್ದಾರೆ.

ಇನ್ನೊಂದು ದಿನ ಇದ್ದರೆ: ಹಿರೇಬೆಣಕಲ್

ಗಂಗಾವತಿಯಿಂದ ಸುಮಾರು ಹತ್ತು ಕಿಲೋಮೀಟರು ಪಶ್ಚಿಮಕ್ಕೆ. ಇದನ್ನು ಆನೆಗೊಂದಿಯ ದಿನಕ್ಕೆ ತುರುಕಬೇಡಿ. ಊರಿನಿಂದ ಗುಡ್ಡದ ಮೇಲಕ್ಕೆ ಒಂದು ತಾಸಿನ ಕಾಲುದಾರಿ, ಕವಲುಗಳು ಬಹಳ, ಬಾಣದ ಗುರುತು ನಂಬಿ ಹೋದವರು ಸುತ್ತಾಡಿ ಬಂದದ್ದೇ ಹೆಚ್ಚು. ಊರಿನಿಂದ ಒಬ್ಬರನ್ನು ಜತೆಗೆ ಕರೆದುಕೊಳ್ಳಿ, ಒಬ್ಬೊಬ್ಬರಿಗೆ ಎರಡು ಲೀಟರಿನಂತೆ ನೀರು ಒಯ್ಯಿರಿ, ಮೇಲೆ ಏನೂ ಸಿಗುವುದಿಲ್ಲ.

ಮೇಲೆ ಕಬ್ಬಿಣ ಯುಗದ ನಾನೂರಕ್ಕೂ ಹೆಚ್ಚು ಕಲ್ಲಿನ ಗೋರಿಗಳು. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದ ಜಾಗ. ಊರವರಿಗೆ ಇದು ಮೋರ್ಯರ ಗುಡ್ಡ, ಗಿಡ್ಡ ಜನ ಕಟ್ಟಿಕೊಂಡ ಮನೆಗಳು. ಮೂರು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ಕೋಣೆಗಳು, ಕೆಲವಕ್ಕೆ ಮುಂದೆ ದುಂಡನೆಯ ಕಂಡಿ. ಆಳೆತ್ತರಕ್ಕೂ ಮೀರಿದವು ಇವೆ, ಮೊಣಕಾಲೆತ್ತರದವೂ ಇವೆ. ಚಪ್ಪಡಿ ಎಬ್ಬಿಸಿದ ಕಲ್ಲುಗಣಿ ಈಗ ನಡುವೆ ನೀರು ನಿಂತ ಹೊಂಡವಾಗಿದೆ. ಒಂದು ಬಂಡೆಯ ನೆತ್ತಿಯಲ್ಲಿ ಅರ್ಧಗೋಳದ ಕಲ್ಲಿನ ನಗಾರಿ ಕೂತಿದೆ. ಹೊಡೆದರೆ ದೂರಕ್ಕೆ ಕೇಳುತ್ತದೆ ನಿಜ, ಆದರೆ ಬಂದವರೆಲ್ಲ ಕಲ್ಲಿನಿಂದ ಹೊಡೆದರೆ ಮೈ ಚಕ್ಕೆ ಏಳುತ್ತದೆ. ಅಂಗೈಯಿಂದ ಒಮ್ಮೆ ತಟ್ಟಿ, ಬಂಡೆಗೆ ಕಿವಿಯಿಟ್ಟು ನೋಡಿ. ಹನ್ನೊಂದರೊಳಗೆ ಇಳಿಯಲು ಶುರು ಮಾಡಿ, ದಾರಿಯಲ್ಲಿ ನೆರಳು ಕಡಿಮೆ.